ಎಂಟು ವರ್ಷದ ಅಂತರ

1962ರಲ್ಲಿ ಗ್ಲೆನ್ ಎಲ್ಡರ್ ಎಂಬ ತರುಣ ಸಮಾಜಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲೊಂದು ಹಳೆಯ ಕಡತಗಳ ರಾಶಿಯಿತ್ತು. ಪಕ್ಕದ ಓಕ್‌ಲ್ಯಾಂಡ್ ನಗರದಲ್ಲಿ 1920-21ರಲ್ಲಿ ಹುಟ್ಟಿದ ಮಕ್ಕಳ ಎತ್ತರ, ಸ್ವಭಾವ, ಗೆಳೆತನ, ಅಮ್ಮಂದಿರ ಜೊತೆಗಿನ ಮಾತುಕತೆ, ಎಲ್ಲವನ್ನೂ 1930ರ ದಶಕದ ಆರಂಭದಿಂದ ಬರೆದಿಡಲಾಗಿತ್ತು. ಆ ಅಧ್ಯಯನ ಶುರುಮಾಡಿದವರಿಗೆ ಬೇಕಿದ್ದದ್ದು ಹದಿಹರೆಯದ ದೇಹ, ಮನಸ್ಸು ಹೇಗೆ ಬೆಳೆಯುತ್ತವೆ ಎಂಬ ಉತ್ತರ. ಅದೇ ವರ್ಷಗಳಲ್ಲಿ ಆ ಮಕ್ಕಳ ಅಪ್ಪಂದಿರು ಕೆಲಸ ಕಳೆದುಕೊಳ್ಳುತ್ತಿದ್ದರು. ಅಮೆರಿಕದ ಮಹಾ ಆರ್ಥಿಕ ಕುಸಿತ ಕಡತದ ಒಂದು ಮೂಲೆಯಲ್ಲಿ, 1929 ಮತ್ತು 1933ರ ಕುಟುಂಬದ ಆದಾಯ ಎಂಬ ಎರಡು ಅಂಕಿಗಳಾಗಿ ಕೂತಿತ್ತು.

ಎಲ್ಡರ್ ಆ ಮೂಲೆಯಿಂದಲೇ ಓದತೊಡಗಿದರು. ಬೇರೆಯವರು ಬೇರೆ ಪ್ರಶ್ನೆಗಾಗಿ ಕೂಡಿಟ್ಟ ಕಾಗದದಲ್ಲಿ ತನ್ನ ಪ್ರಶ್ನೆ ಹುಡುಕುವುದೆಂದರೇನೆಂದು ಪಿಎಚ್‌.ಡಿ. ಮಾಡುವವರಿಗೆ ಚೆನ್ನಾಗಿ ಗೊತ್ತು! ಅವರು 167 ಮಕ್ಕಳ ಬದುಕನ್ನು ಎರಡು ಗುಂಪು ಮಾಡಿದರು. ಆ ನಾಲ್ಕು ವರ್ಷಗಳಲ್ಲಿ ಬೆಲೆಗಳೂ ಇಳಿದಿದ್ದರಿಂದ ಆದಾಯ ಸ್ವಲ್ಪ ತಗ್ಗಿದ್ದನ್ನು ಅವರು ಕಷ್ಟವೆಂದು ಎಣಿಸಲಿಲ್ಲ. ಸುಮಾರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡ ಮನೆಗಳನ್ನಷ್ಟೇ ನಿಜವಾಗಿ ಸೋತವು ಎಂದುಕೊಂಡರು. ಅಂಥ ಮನೆಗಳಲ್ಲಿ ಹುಡುಗರು ಸಣ್ಣಪುಟ್ಟ ದುಡಿಮೆಗೆ ಹೋದರು, ಹುಡುಗಿಯರ ಹೆಗಲಿಗೆ ಅಡುಗೆ-ಮನೆಗೆಲಸ ಬಿತ್ತು, ಮನೆಯ ತೀರ್ಮಾನಗಳಲ್ಲಿ ಅಮ್ಮನ ಮಾತಿಗೆ ತೂಕ ಬಂತು. ಈ ಮಕ್ಕಳ ಬದುಕು ಹಾಳಾಗಿರುತ್ತದೆ ಎಂದುಕೊಂಡು ಓದುವವರಿಗೆ ಆಶ್ಚರ್ಯ ಕಾದಿದೆ: ಅವರಲ್ಲಿ ಹೆಚ್ಚಿನವರು ನಡುವಯಸ್ಸಿಗೆ ಬರುವ ಹೊತ್ತಿಗೆ ಚೆನ್ನಾಗಿಯೇ ನೆಲೆನಿಂತಿದ್ದರು. 1974ರಲ್ಲಿ ಇದೆಲ್ಲ 'ಚಿಲ್ಡ್ರನ್ ಆಫ್ ದಿ ಗ್ರೇಟ್ ಡಿಪ್ರೆಷನ್' ಎಂಬ ಪುಸ್ತಕವಾಯಿತು.

ಇಲ್ಲಿಗೇ ನಿಂತಿದ್ದರೆ ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂಬ ಹಳೇ ಉಪದೇಶಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತಿತ್ತು. ನನಗೆ ಎಲ್ಡರ್ ದೊಡ್ಡವರಾಗಿ ಕಾಣುವುದು ಅವರು ನಿಲ್ಲದೇ ಇದ್ದುದರಿಂದ. ಬರ್ಕ್ಲಿಯಲ್ಲೇ 1928-29ರಲ್ಲಿ ಹುಟ್ಟಿದ ಮಕ್ಕಳ ಇನ್ನೊಂದು ಅಧ್ಯಯನವಿತ್ತು. ಅದೇ ಕುಸಿತ, ಹೆಚ್ಚುಕಡಿಮೆ ಅದೇ ಊರು. ಆದರೆ ಇವರು ಎಂಟು ವರ್ಷ ಚಿಕ್ಕವರು. ಓಕ್‌ಲ್ಯಾಂಡಿನ ಹುಡುಗ ಕೆಲಸಕ್ಕೆಂದು ಮನೆಯಿಂದ ಹೊರಗೆ ಹೋಗಬಲ್ಲವನಾಗಿದ್ದ. ಬರ್ಕ್ಲಿಯ ಪುಟ್ಟ ಮಗು ಕೆಲಸ ಹೋದ ಅಪ್ಪನ ಸಿಡುಕಿನ ಎದುರು ಮನೆಯಲ್ಲೇ ಇರಬೇಕಿತ್ತು. ಸೋತ ಮನೆಗಳ ಬರ್ಕ್ಲಿ ಹುಡುಗರಿಗೆ ಹದಿಹರೆಯದಲ್ಲಿ ಆತ್ಮವಿಶ್ವಾಸವೂ ಮುಂದಿನ ದಿನಗಳ ಬಗ್ಗೆ ಭರವಸೆಯೂ ಕಡಿಮೆ. ಹುಡುಗಿಯರು ಅಷ್ಟು ಕುಗ್ಗಲಿಲ್ಲ. ಅವರು ಅಮ್ಮಂದಿರಿಗೆ ಹತ್ತಿರವಾಗಿದ್ದರು.

ಅದುವರೆಗೆ ಮನುಷ್ಯನ ಬೆಳವಣಿಗೆಯೆಂದರೆ ಬಹುಮಟ್ಟಿಗೆ ಮೆಟ್ಟಿಲುಗಳ ಲೆಕ್ಕ. 1950ರಲ್ಲಿ ಎರಿಕ್ ಎರಿಕ್ಸನ್ ಇಡೀ ಆಯುಷ್ಯಕ್ಕೆ ಎಂಟು ಘಟ್ಟಗಳನ್ನು ಕೊಟ್ಟಿದ್ದರು. ಎಲ್ಡರ್ ಆ ಲೆಕ್ಕಕ್ಕೆ ಇಸವಿಯನ್ನು ಸೇರಿಸಿದರು: ಯಾವ ಘಟನೆ, ಎಷ್ಟನೇ ವಯಸ್ಸಿನಲ್ಲಿ, ಯಾರ ಬದುಕಿಗೆ ಅಂಟಿಕೊಂಡು. ಇಂದು ಜೀವನಪಥದ ಅಧ್ಯಯನ ಎಂದು ಕರೆಯುವ ಶಾಖೆಗೆ ಇದು ಬುನಾದಿ. ಅವರು ನೋಡಿದ್ದು ಒಂದು ಪ್ರದೇಶದ, ಬಹುಮಟ್ಟಿಗೆ ಬಿಳಿಯರ ಮನೆಗಳನ್ನು ಎಂಬ ಮಿತಿ ನಿಜ, ಅದನ್ನು ಮರೆತು ಓದಬಾರದು.

ಆಮೇಲೆ ಆ ಬರ್ಕ್ಲಿ ಹುಡುಗರಲ್ಲಿ ಅನೇಕರು ಸೈನ್ಯ ಸೇರಿದರು. ಮನೆಯಿಂದ ದೂರ, ತಿಂಗಳ ಸಂಬಳ, ಸರ್ಕಾರದ ಖರ್ಚಿನಲ್ಲಿ ಮುಂದಿನ ಓದು. ನಲವತ್ತರ ಹೊತ್ತಿಗೆ ಅವರ ಕಡತಗಳು ಹದಿಹರೆಯದ ಟಿಪ್ಪಣಿಗಳಿಗೆ ಹೊಂದುತ್ತಿರಲಿಲ್ಲ.