ಒಂದು ಹಾಳೆ, ನೂರು ಚಿತ್ರ, ಒಂದು ವಿಳಾಸಪಟ್ಟಿ

1985ರ ಸೂಪರ್ ಮಾರಿಯೋ ಬ್ರದರ್ಸ್ ಗೇಮ್‌ನಲ್ಲಿ ಮೇಲೆ ತೇಲುವ ಮೋಡವನ್ನೂ ನೆಲದ ಪೊದೆಯನ್ನೂ ಒಮ್ಮೆ ಹೋಲಿಸಿ ನೋಡಿ. ಮೇಲಂಚಿನ ಗೆರೆ ಒಂದೇ, ಬಣ್ಣ ಮಾತ್ರ ಬೇರೆ. ಕಲಾವಿದರು ಸೋಮಾರಿಗಳಾಗಿರಲಿಲ್ಲ, ಅವರಿಗಿದ್ದ ಜಾಗವೇ ಅಷ್ಟು. ಕಾರ್ಟ್ರಿಜ್‌ನಲ್ಲಿ ಚಿತ್ರಗಳಿಗೆಂದು ಇದ್ದದ್ದು 8 ಕಿಲೋಬೈಟ್. ಎಂಟಕ್ಕೆ ಎಂಟು ಪಿಕ್ಸೆಲ್‌ನ ಒಂದು ತುಣುಕಿಗೆ 16 ಬೈಟ್‌ನಂತೆ ಅದರಲ್ಲಿ 512 ತುಣುಕುಗಳು ಹಿಡಿಯುತ್ತಿದ್ದವು. ಪರದೆಯ ನಕ್ಷೆಯಲ್ಲಿ ಚಿತ್ರವೇ ಇರುತ್ತಿರಲಿಲ್ಲ, ‘ಇಲ್ಲಿ ಇಷ್ಟನೇ ತುಣುಕು’ ಎಂಬ ಅಂಕಿ ಮಾತ್ರ ಇರುತ್ತಿತ್ತು.

ಇಂದು ನಾವು ಟೆಕ್ಸ್ಚರ್ ಅಟ್ಲಾಸ್ ಎನ್ನುವುದರ ಎರಡೂ ಅಂಗಗಳು ಆಗಲೇ ಇದ್ದವು: ಹಲವು ಚಿತ್ರಗಳನ್ನು ಹೊತ್ತ ಒಂದು ಹಾಳೆ, ಯಾವುದು ಎಲ್ಲಿದೆ ಎಂದು ಹೇಳುವ ವಿಳಾಸ. ಹಾಳೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ನನಗೆ ಈ ಕ್ಷೇತ್ರದ ನಿಜವಾದ ಕಥೆ ಕಾಣುವುದು ವಿಳಾಸಪಟ್ಟಿಯಲ್ಲಿ. ಅದನ್ನು ಯಾರು ಬರೆಯುತ್ತಾರೆ, ಯಾವಾಗ ಬರೆಯುತ್ತಾರೆ ಎಂಬುದು ಬದಲಾದಂತೆಲ್ಲ ಗೇಮ್ ಕಟ್ಟುವ ಕ್ರಮವೂ ಬದಲಾಗಿದೆ.

ತೊಂಬತ್ತರ ದಶಕದ ಮೂರು ಆಯಾಮದ ಗ್ರಾಫಿಕ್ಸ್ ಕಾರ್ಡುಗಳು ಬಂದಾಗ ಸಮಸ್ಯೆ ಜಾಗದ್ದಷ್ಟೇ ಆಗಿ ಉಳಿಯಲಿಲ್ಲ. ಟೆಕ್ಸ್ಚರ್ ಅನ್ನು, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರವನ್ನು, ಬದಲಿಸಿದಾಗಲೆಲ್ಲ ಚಿತ್ರಿಸುವ ಕೆಲಸ ಕಡಿದು ಹೊಸದಾಗಿ ಶುರುವಾಗಬೇಕಿತ್ತು. ಕ್ವೇಕ್ ಗೇಮ್‌ನ ಓಪನ್‌ಜಿಎಲ್ ಆವೃತ್ತಿ ಗೋಡೆಗಳ ಬೆಳಕು-ನೆರಳಿನ ಚಿಕ್ಕ ಚಿತ್ರಗಳನ್ನು 128×128ರ ಹಾಳೆಗಳಲ್ಲಿ ತಾನೇ ಜೋಡಿಸಿಕೊಳ್ಳುತ್ತಿತ್ತು. ಪ್ರತಿ ಕಂಬಸಾಲು ಎಷ್ಟು ಎತ್ತರ ತುಂಬಿದೆ ಎಂದು ಬರೆದಿಟ್ಟುಕೊಂಡು, ಹೊಸ ತುಂಡಿಗೆ ತಗ್ಗಾದ ಕಡೆ ಜಾಗ ಹುಡುಕುವುದು ಅದರ ಉಪಾಯ. 2004ರಲ್ಲಿ ಎನ್‌ವಿಡಿಯಾ ಅಟ್ಲಾಸ್ ಬಗ್ಗೆಯೇ ಒಂದು ಶ್ವೇತಪತ್ರ ಹೊರಡಿಸಿತು, ಅಟ್ಲಾಸ್ ಕಟ್ಟುವ ಸಲಕರಣೆಯನ್ನೂ ಕೊಟ್ಟಿತು. 2010ರಲ್ಲಿ ಯುಕ್ಕಾ ಯುಲಾಂಕಿ ಆಯತಗಳನ್ನು ಒತ್ತಾಗಿ ಜೋಡಿಸುವ ವಿಧಾನಗಳನ್ನೆಲ್ಲ ಒಟ್ಟುಗೂಡಿಸಿ ಹೋಲಿಸಿದರು. ಇಂದಿನ ಹಲವು ಸಲಕರಣೆಗಳು ಆ ಹೋಲಿಕೆಯ ಋಣದಲ್ಲಿವೆ.

ಐಫೋನ್ ಬಂದ ಮೇಲೆ ಅಟ್ಲಾಸ್ ಮನೆಮಾತಾಯಿತು. ಮೊದಲ ಐಫೋನ್ ಒಪ್ಪುತ್ತಿದ್ದ ಅತಿ ದೊಡ್ಡ ಟೆಕ್ಸ್ಚರ್ 1024×1024. ಕೋಕೋಸ್2ಡಿ, ಲಿಬ್‌ಜಿಡಿಎಕ್ಸ್, ಸ್ಟಾರ್ಲಿಂಗ್, ಫೇಸರ್ ಹೀಗೆ ಒಂದೊಂದು ಗೇಮ್ ಚೌಕಟ್ಟೂ (ಫ್ರೇಮ್‌ವರ್ಕ್) ಒಂದೊಂದು ಬಗೆಯ ವಿಳಾಸಪಟ್ಟಿ ಬಳಸಿತು. ಹೊರರೂಪ ಬೇರೆಯಾದರೂ ಒಳಗಿನ ಮಾತು ಹೆಚ್ಚುಕಡಿಮೆ ಒಂದೇ. ಓಡುವ ಹುಡುಗನ ಮೂರನೇ ಭಂಗಿಯ ನಮೂದು ಹೀಗಿರಬಹುದು: ಜಾಗ 128, 2, ಅಳತೆ 58, 91, ಮೂಲ ಅಳತೆ 96, 96, ಸರಿತ 19, 2, ತಿರುಗಿಸಿದ್ದು: ಇಲ್ಲ. ಚಿತ್ರದ ಸುತ್ತಲಿನ ಖಾಲಿ ಭಾಗವನ್ನು ಕತ್ತರಿಸಿ ಜಾಗ ಉಳಿಸಲಾಗಿದೆ, ಎಷ್ಟು ಕತ್ತರಿಸಲಾಯಿತೆಂದು ‘ಸರಿತ’ ನೆನಪಿಡುತ್ತದೆ. ಅದನ್ನು ಓದದೆ ಬಿಟ್ಟರೆ ಹುಡುಗ ಪ್ರತಿ ಹೆಜ್ಜೆಗೂ ಅತ್ತಿತ್ತ ತುಳುಕುತ್ತಾನೆ. ಒಮ್ಮೆ ಇಂಥ ತುಳುಕಾಟದ ಹಿಂದೆ ಬಿದ್ದು ನಾನು ಎರಡು ದಿನ ಚಲನೆಯ ಕೋಡನ್ನು ಜಾಲಾಡಿದ್ದೆ. ತಪ್ಪಿದ್ದದ್ದು ಆ ಎರಡು ಅಂಕಿಗಳಲ್ಲಿ.

ಲೋಡ್ ಮಾಡುವಾಗ ಮೊದಲು ಓದುವುದು ವಿಳಾಸಪಟ್ಟಿ, ಹಾಳೆಯ ಹೆಸರು ಸಿಗುವುದು ಅದರಲ್ಲೇ. ಆಮೇಲೆ ಪಿಎನ್‌ಜಿ ಬಿಚ್ಚಿ ಜಿಪಿಯುಗೆ ಏರಿಸಬೇಕು. ಕೊನೆಗೆ ಪಿಕ್ಸೆಲ್ ಅಂಕಿಗಳನ್ನು ಸೊನ್ನೆಯಿಂದ ಒಂದರೊಳಗಿನ ಭಾಗಗಳಾಗಿಸಬೇಕು: 1024 ಅಗಲದ ಹಾಳೆಯಲ್ಲಿ 128 ಎಂದರೆ 0.125. ಡಿಸ್ಕಿನಲ್ಲಿ ಪುಟ್ಟದಾಗಿ ಕಾಣುವ ಫೈಲನ್ನು ನಂಬಬಾರದು. ಬಿಚ್ಚಿದ ಮೇಲೆ 2048×2048ರ ಹಾಳೆ ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 16 ಮೆಗಾಬೈಟ್ ತಿನ್ನುತ್ತದೆ. ಮೆನುವಿನ ಒಂದು ಬಟನ್ ಕೊನೆಯ ಹಂತದ ರಾಕ್ಷಸನ ಹಾಳೆಯಲ್ಲಿ ಸೇರಿಕೊಂಡಿದ್ದರೆ, ಆ ಬಟನ್ನಿಗಾಗಿ ಅಷ್ಟನ್ನೂ ಹೊರಬೇಕು. ಆದ್ದರಿಂದ ಜಾಗ ಉಳಿಯುತ್ತದೆಯೇ ಎಂಬುದಕ್ಕಿಂತ, ಪರದೆಯ ಮೇಲೆ ಒಟ್ಟಿಗೆ ಬರುವುದು ಯಾವುದು ಎಂದು ನೋಡಿ ಹಾಳೆ ಕಟ್ಟುವುದೇ ಸರಿ. ಚಿತ್ರಗಳ ನಡುವೆ ಒಂದೆರಡು ಪಿಕ್ಸೆಲ್ ಅಂತರವನ್ನೂ ಬಿಡಬೇಕು, ಇಲ್ಲವಾದರೆ ಪಕ್ಕದ ಬಣ್ಣ ಅಂಚಿನಲ್ಲಿ ಇಣುಕುತ್ತದೆ.

ವಿಳಾಸಪಟ್ಟಿಯ ಇತಿಹಾಸದಲ್ಲಿ ದೊಡ್ಡ ತಿರುವು ಯಾವುದು ಎಂದರೆ ನಾನು ಮೈನ್‌ಕ್ರಾಫ್ಟ್ ಹೆಸರು ಹೇಳುತ್ತೇನೆ. ಮೊದಲು ಅದರ ನೆಲ, ಕಲ್ಲು, ಮರವೆಲ್ಲ 256×256ರ ಒಂದೇ ಹಾಳೆಯಲ್ಲಿದ್ದವು, 16ಕ್ಕೆ 16ರ ಚೌಕದಲ್ಲಿ 256 ಮನೆ. ಹೊಸ ವಸ್ತು ಸೇರಿಸಬಯಸಿದ ಮಾಡ್ ಕರ್ತೃಗಳಿಗೆ ಖಾಲಿ ಮನೆಯೇ ಸಾಲುತ್ತಿರಲಿಲ್ಲ. 2013ರ ಮಾರ್ಚಿನಲ್ಲಿ ಬಂದ 1.5ನೇ ಆವೃತ್ತಿ ಹಾಳೆಯನ್ನು ಬಿಡಿ ಫೈಲುಗಳಾಗಿ ಒಡೆಯಿತು. ಗೇಮ್ ತೆರೆದುಕೊಳ್ಳುವಾಗ ಅದೇ ಆ ಬಿಡಿ ಚಿತ್ರಗಳನ್ನು ಹೊಲಿದು ಅಟ್ಲಾಸ್ ಮಾಡಿಕೊಳ್ಳತೊಡಗಿತು. ಕಲಾವಿದರಿಗೆ ಹೆಸರು ಸಾಕು, ಅಂಕಿ ಯಂತ್ರದ ಪಾಲು. ಗೇಮ್ ಎಂಜಿನ್ ಯೂನಿಟಿ 2017ರಲ್ಲಿ ತಂದ ಸ್ಪ್ರೈಟ್ ಅಟ್ಲಾಸ್ ಕೂಡ ಇದೇ ನಿಲುವಿನದು.

ಡೈರೆಕ್ಟ್‌3ಡಿ 10ರ ಕಾಲದಿಂದ, ಒಂದೇ ಅಳತೆಯ ಚಿತ್ರಗಳನ್ನು ಪದರಗಳಾಗಿ ಹೊತ್ತ ಟೆಕ್ಸ್ಚರ್ ಅರೇಗಳಿವೆ, ಸಾವಿರಾರು ಟೆಕ್ಸ್ಚರ್‌ಗಳನ್ನು ಒಟ್ಟಿಗೆ ನಿಲುಕಿಸುವ ದಾರಿಗಳೂ ಬಂದಿವೆ. ಹೀಗಾಗಿ ದೊಡ್ಡ ಗೇಮ್‌ಗಳಿಗೆ ಅಟ್ಲಾಸ್‌ನ ಹಂಗು ಕಡಿಮೆಯಾಗಿದೆ. ಮೊಬೈಲ್, ಬ್ರೌಸರ್ ಮತ್ತು ಅಕ್ಷರಗಳ ಲೋಕದಲ್ಲಿ ಅದು ಗಟ್ಟಿಯಾಗಿಯೇ ಉಳಿದಿದೆ.

ಅಕ್ಷರ ಎಂದಾಗ ಮಾತು ನಮ್ಮ ಮನೆಬಾಗಿಲಿಗೆ ಬರುತ್ತದೆ. ಗೇಮ್‌ನ ಅಕ್ಷರಗಳೂ ಅಟ್ಲಾಸ್‌ನಿಂದಲೇ ಬರುತ್ತವೆ. ಇಂಗ್ಲಿಷಿಗೆ ಒಂದು ಸಂಕೇತ, ಒಂದು ಚಿತ್ರ, ಅಲ್ಲಿಗೆ ಮುಗಿಯಿತು. ಕನ್ನಡಕ್ಕೆ ಯೂನಿಕೋಡ್ 128 ಸ್ಥಾನಗಳನ್ನು ಮೀಸಲಿಟ್ಟಿದೆ, ಆದರೆ ಒತ್ತಕ್ಷರಗಳಿಗೆ ಅಲ್ಲಿ ಬೇರೆ ಸ್ಥಾನವಿಲ್ಲ. ‘ಕ್ಷ’ ಎಂದರೆ ಮೂರು ಸಂಕೇತ, ಪರದೆಯ ಮೇಲೆ ಒಂದೇ ರೂಪ. ಸಂಕೇತಗಳ ಪಟ್ಟಿ ಕೊಟ್ಟು ಕಟ್ಟಿದ ಅಟ್ಲಾಸ್‌ನಲ್ಲಿ ಆ ರೂಪಕ್ಕೆ ಮನೆಯೇ ಇಲ್ಲ. ಮೊದಲು ಹಾರ್ಫ್‌ಬಜ್‌ನಂಥ ತಂತ್ರಾಂಶ ಅಕ್ಷರರೂಪ ನಿರ್ಧರಿಸಬೇಕು, ಆ ರೂಪದ ಸಂಖ್ಯೆಯೇ ಅಟ್ಲಾಸ್‌ಗೆ ವಿಳಾಸವಾಗಬೇಕು, ಬೇಕಾದಾಗ ಬೇಕಾದ ರೂಪ ಹಾಳೆಗೆ ಸೇರಬೇಕು. 2023ರಲ್ಲಿ ಬಂದ ಗೇಮ್ ಎಂಜಿನ್ ಗೊಡಾಟ್ 4 ಈ ದಾರಿಯಲ್ಲೇ ನಡೆಯುತ್ತದೆ.

ಕನ್ನಡದಲ್ಲಿ ಗೇಮ್ ಮಾಡುವ ಗೆಳೆಯರೇ, ಚೌಕಟ್ಟು ಆರಿಸುವ ಮೊದಲ ದಿನವೇ ‘ಸ್ತ್ರೀ’, ‘ರಾಷ್ಟ್ರ’, ‘ಅರ್ಥ’ ಎಂಬ ಮೂರು ಪದಗಳನ್ನು ಪರದೆಯ ಮೇಲೆ ಮೂಡಿಸಿ ನೋಡಿ. ಒತ್ತು ಬಿಡಿಯಾಗಿ ಬಿದ್ದರೆ, ಅರ್ಕಾವೊತ್ತು ಕಾಣದಿದ್ದರೆ, ಆ ಚೌಕಟ್ಟನ್ನು ಅಲ್ಲಿಯೇ ಬಿಡಿ.