ವೇಗವನ್ನು ಜಿಗಿತವಾಗಿಸಿದವರು

ಉದ್ದ ಜಿಗಿತದಲ್ಲಿ ಕಾಲಿನ ಬಲ ಹೆಚ್ಚೋ ಓಟದ ವೇಗ ಹೆಚ್ಚೋ ಎಂಬ ಚರ್ಚೆ ಹಳೆಯದು. ದಾಖಲೆಗಳ ಇತಿಹಾಸ ಮಾತ್ರ ಬಹುಮಟ್ಟಿಗೆ ಓಟದ ಪರವಾಗಿಯೇ ಸಾಕ್ಷಿ ಹೇಳುತ್ತದೆ.

1935ರ ಮೇ 25ರಂದು ಅಮೆರಿಕದ ಆನ್ ಆರ್ಬರ್‌ನಲ್ಲಿ ಜೆಸ್ಸಿ ಓವೆನ್ಸ್ ಬೆನ್ನುನೋವಿನ ನಡುವೆ ಒಂದೇ ಸಲ ಜಿಗಿದರು: 8.13 ಮೀಟರ್. ಅಂದು ಮುಕ್ಕಾಲು ಗಂಟೆಯಲ್ಲಿ ಅವರು 100 ಗಜ ಓಟದ ವಿಶ್ವದಾಖಲೆಯನ್ನು ಸರಿಗಟ್ಟಿದ್ದರು, 220 ಗಜದ ಓಟ ಮತ್ತು ಹರ್ಡಲ್ಸ್‌ನಲ್ಲಿ ಹೊಸ ದಾಖಲೆ ಬರೆದಿದ್ದರು. ಮರುವರ್ಷ ಬರ್ಲಿನ್‌ನಲ್ಲಿ 100 ಮೀ., 200 ಮೀ., ರಿಲೇ, ಉದ್ದ ಜಿಗಿತ, ಹೀಗೆ ನಾಲ್ಕು ಚಿನ್ನ. ಆ 8.13 ಮೀಟರ್‌ನ್ನು ದಾಟಲು ಜಗತ್ತಿಗೆ 25 ವರ್ಷ ಬೇಕಾಯಿತು. 1960ರಲ್ಲಿ ರಾಲ್ಫ್ ಬಾಸ್ಟನ್ ದಾಟಿದರು. 1968ರಲ್ಲಿ ಮೆಕ್ಸಿಕೊ ನಗರದ ತೆಳುಗಾಳಿಯಲ್ಲಿ ಬಾಬ್ ಬೀಮನ್ 8.90 ಮೀ. ಜಿಗಿದು ದಾಖಲೆಯನ್ನು ಒಮ್ಮೆಲೇ 55 ಸೆಂ.ಮೀ. ಮುಂದೊಯ್ದರು. ಆ ದೂರದ ಹತ್ತಿರಕ್ಕೆ ಅವರೇ ಮತ್ತೆಂದೂ ಬರಲಿಲ್ಲ.

ಓವೆನ್ಸ್‌ರ ನಿಜವಾದ ವಾರಸುದಾರ ಕಾರ್ಲ್ ಲೂಯಿಸ್. ಹ್ಯೂಸ್ಟನ್‌ನಲ್ಲಿ ತರಬೇತುದಾರ ಟಾಮ್ ಟೆಲೆಜ್ ಅವರ ಕೈಯಲ್ಲಿ ಲೂಯಿಸ್ ಕಲಿತದ್ದು ಮುಖ್ಯವಾಗಿ ಒಂದನ್ನು: ಸೆಕೆಂಡಿಗೆ 11 ಮೀಟರ್‌ನಷ್ಟು ವೇಗದಲ್ಲಿ ಓಡಿಬಂದು, 20 ಸೆಂ.ಮೀ. ಅಗಲದ ಹಲಗೆಯ ಮೇಲೆ ಆ ವೇಗ ಕಳೆದುಕೊಳ್ಳದೆ ಮೇಲೇಳುವುದು. ಕೊನೆಯದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ ಸೊಂಟ ತುಸು ತಗ್ಗಬೇಕು, ಕೊನೆಯ ಹೆಜ್ಜೆ ಚಿಕ್ಕದಾಗಬೇಕು. ಹೆಚ್ಚು ತಗ್ಗಿದರೆ ವೇಗ ಸೋರುತ್ತದೆ. ತಗ್ಗದಿದ್ದರೆ ಎತ್ತರ ಸಿಗುವುದಿಲ್ಲ. ಬರೀ ವೇಗವುಳ್ಳ ಓಟಗಾರರು ಇಲ್ಲೇ ಸೋಲುತ್ತಾರೆ.

1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಓವೆನ್ಸ್‌ರ ನಾಲ್ಕು ಚಿನ್ನಗಳನ್ನು ಸರಿಗಟ್ಟಿದರು. ಜಿಗಿತದಲ್ಲಿ ಮೊದಲ ಯತ್ನಕ್ಕೇ 8.54 ಮೀ., ಎರಡನೆಯದು ಫೌಲ್. ಉಳಿದ ನಾಲ್ಕನ್ನು ಬಿಟ್ಟುಕೊಟ್ಟರು. ದಾಖಲೆ ನೋಡಲು ಬಂದಿದ್ದ ಜನ ಕೂಗಿ ಅಸಮಾಧಾನ ತೋರಿಸಿದರು. ಆದರೆ 200 ಮೀ. ಓಟ, ರಿಲೇ ಇನ್ನೂ ಬಾಕಿ ಇದ್ದವು. ಎರಡು ವಿಭಾಗಗಳನ್ನು ಒಂದೇ ದೇಹ ಹೊರುವಾಗಿನ ಲೆಕ್ಕಾಚಾರ ಅದು. ನನ್ನ ದೃಷ್ಟಿಯಲ್ಲಿ ಸಂಪೂರ್ಣ ನ್ಯಾಯವಾದದ್ದು.

ಅವರ ಅತ್ಯುತ್ತಮ ಜಿಗಿತಗಳು ಬಂದದ್ದು ಅವರು ಸೋತ ದಿನ. 1991ರ ಆಗಸ್ಟ್‌ನಲ್ಲಿ, ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಮೀ. ಓಟವನ್ನು 9.86 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದ ಐದೇ ದಿನಕ್ಕೆ ಜಿಗಿತದ ಕಣಕ್ಕಿಳಿದರು. ಅನುಮತಿಗಿಂತ ಜೋರಾದ ಗಾಳಿಯಲ್ಲಿ 8.91, ಆಮೇಲೆ ಎದುರುಗಾಳಿಯಲ್ಲೂ 8.87. ಈ ನಡುವೆ ಮೈಕ್ ಪೊವೆಲ್ ಐದನೇ ಯತ್ನದಲ್ಲಿ 8.95 ಜಿಗಿದಿದ್ದರು! ಹತ್ತು ವರ್ಷಗಳಲ್ಲಿ ಕೂಡಿಸಿದ್ದ ಲೂಯಿಸ್‌ರ ಸತತ 65 ಗೆಲುವುಗಳ ಸರಣಿ ಮುರಿಯಿತು. ಆದರೂ 1984ರಿಂದ 1996ರವರೆಗೆ ನಾಲ್ಕೂ ಒಲಿಂಪಿಕ್ಸ್‌ಗಳ ಉದ್ದ ಜಿಗಿತದ ಚಿನ್ನ ಅವರದ್ದೇ. ಕೊನೆಯದು 35ನೇ ವಯಸ್ಸಿನಲ್ಲಿ.

ಮಹಿಳೆಯರಲ್ಲಿ ಈ ಜೋಡಿ ಕೌಶಲದ ದೊಡ್ಡ ಹೆಸರು ಪೂರ್ವ ಜರ್ಮನಿಯ ಹೈಕೆ ಡ್ರೆಕ್ಸ್ಲರ್. 1986ರಲ್ಲಿ 200 ಮೀ. ಓಟದ ವಿಶ್ವದಾಖಲೆ ಸರಿಗಟ್ಟಿದರು; ಜಿಗಿತದಲ್ಲಿ 1992 ಮತ್ತು 2000ದಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಆ ದೇಶದ ಸರ್ಕಾರಿ ಉದ್ದೀಪನ ಮದ್ದಿನ ವ್ಯವಸ್ಥೆಯ ನೆರಳು ಆ ಕಾಲದ ಅಂಕಿಗಳ ಮೇಲಿದೆ ಎಂಬುದನ್ನು ಮರೆಯುವಂತಿಲ್ಲ.

ಲೂಯಿಸ್ ನಂತರ ಒಲಿಂಪಿಕ್ಸ್‌ನಲ್ಲಿ 100 ಮೀ. ಮತ್ತು ಉದ್ದ ಜಿಗಿತ ಎರಡನ್ನೂ ಗೆದ್ದವರಿಲ್ಲ. ಹಣ ಓಟದ ಕಡೆಗಿದೆ, ಹಲಗೆಯ ಮೇಲೆ ಬೀಳುವ ಹೊಡೆತದಿಂದ ಹಿಮ್ಮಡಿಗೋ ತೊಡೆಸ್ನಾಯುವಿಗೋ ಗಾಯವಾಗುವ ಭಯವೂ ಇದೆ. ಪೊವೆಲ್ ದಾಖಲೆ ಇಂದಿಗೂ ಅಲುಗದಿರುವುದಕ್ಕೆ ಅತಿವೇಗಿಗಳು ಹೀಗೆ ಮರಳಿನ ಗುಂಡಿಯಿಂದ ದೂರವಾದದ್ದೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಭಾರತದಲ್ಲಿ ಟಿ.ಸಿ. ಯೋಹಾನನ್ 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ 8.07 ಮೀ. ಜಿಗಿದರು. 2023ರ ಮಾರ್ಚ್‌ನಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ ಜೆಸ್ವಿನ್ ಆಲ್ಡ್ರಿನ್ ರಾಷ್ಟ್ರೀಯ ದಾಖಲೆಯನ್ನು 8.42ಕ್ಕೆ ತಂದರು. ಪೊವೆಲ್‌ಗೂ ಅವರಿಗೂ ನಡುವೆ 53 ಸೆಂ.ಮೀ. ಅಂತರ. ಅದರಲ್ಲಿ ಹಲಗೆಯ ಪಾಲೆಷ್ಟು, ಅದಕ್ಕೆ ಮೊದಲಿನ 40–50 ಮೀಟರ್ ಓಟದ ಪಾಲೆಷ್ಟು ಎಂದು ನಮ್ಮ ತರಬೇತುದಾರರು ಅಳೆಯಲೇಬೇಕು.