ಒಡೆದ ಧ್ವನಿಯ ವಂಶಾವಳಿ

ಕಳೆದ ಬೇಸಿಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗ ತನ್ನ ಗಿಟಾರಿನೊಂದಿಗೆ ಒಂದು ಪುಟ್ಟ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದ. ಚಿತ್ರದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಅದನ್ನಿಟ್ಟು, ತಂತಿಯನ್ನು ಸಿಕ್ಕಿಸಿ ನುಡಿಸತೊಡಗಿದ. ಅದೇ ಗಿಟಾರು, ಅದೇ ಬೆರಳು. ಆದರೆ ಪೆಟ್ಟಿಗೆಯ ಗುಂಡಿಯನ್ನು ಒಂದೊಂದು ಮನೆ ತಿರುಗಿಸಿದಂತೆ ಧ್ವನಿ ಬೇರೆಯಾಗುತ್ತಿತ್ತು. ಒಮ್ಮೆ ಗಂಟೆಯಂತೆ ಸ್ವಚ್ಛ, ಒಮ್ಮೆ ಸ್ವಲ್ಪ ಒರಟು, ಒಮ್ಮೆ ಗುಡುಗಿನಂತೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಪುಟ್ಟ ಪರದೆಯ ಮೇಲೆ ಹೆಸರುಗಳು ಬಂದು ಹೋಗುತ್ತಿದ್ದವು: ’59 ಬ್ಯಾಸ್‌ಮನ್, ’65 ಟ್ವಿನ್, ಬ್ರಿಟಿಷ್ ’60, ಬ್ರಿಟಿಷ್ ’80, ಅಮೆರಿಕನ್ ’90.

“ಇವೆಲ್ಲ ಯಾರಪ್ಪಾ?” ಎಂದು ಕೇಳಿದೆ.

“ಹಳೇ ಕಾಲದ ಆಂಪ್ಲಿಫೈಯರ್‌ಗಳು ಅಜ್ಜಾ. ಈ ಪೆಟ್ಟಿಗೆ ಅವನ್ನೆಲ್ಲ ನಕಲು ಮಾಡುತ್ತೆ. ಆದ್ರೆ ‘ಬ್ರಿಟಿಷ್’ ಅಂದ್ರೆ ಯಾವುದು ಅಂತ ನನಗೂ ಸರಿಯಾಗಿ ಗೊತ್ತಿಲ್ಲ” ಎಂದ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನವನ್ನು ಬೋಧಿಸಿದವನಿಗೆ ಇಂಥ ಮಾತನ್ನು ಕೇಳಿ ಸುಮ್ಮನಿರಲು ಸಾಧ್ಯವೇ? ಅದೂ ಅಲ್ಲದೆ, ಅವನು ಕೊನೆಯ ಮನೆಗೆ ತಿರುಗಿಸಿದಾಗ ಬಂದ ಆ ಹರಿದ ಧ್ವನಿ ನನಗೆ ಅಪರಿಚಿತವಾಗಿರಲಿಲ್ಲ. ಅದನ್ನು ಬಹಳ ಹಿಂದೆ ಹೊಸದುರ್ಗ ತಾಲ್ಲೂಕಿನ ಒಂದು ಶಾಲೆಯ ಅಂಗಳದಲ್ಲಿ ಕೇಳಿದ್ದೆ. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಆ ವಾರವೆಲ್ಲ ನಾನೂ ಮೊಮ್ಮಗನೂ ಕೂಡಿ ಓದಿ ತಿಳಿದುಕೊಂಡದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಆಂಪ್ಲಿಫೈಯರ್ ಎಂದರೆ ಧ್ವನಿವರ್ಧಕ. ಚಿಕ್ಕ ವಿದ್ಯುತ್ ಅಲೆಯನ್ನು ಅದರ ಆಕಾರ ಕೆಡದಂತೆ ದೊಡ್ಡದು ಮಾಡುವುದು ಅದರ ಕೆಲಸ. ಆದರೆ ಪ್ರತಿಯೊಂದು ಯಂತ್ರಕ್ಕೂ ಒಂದು ಮಿತಿಯಿದೆ. ಮಿತಿ ಮೀರಿ ಒತ್ತಾಯಿಸಿದರೆ ಅಲೆಯ ಶೃಂಗಗಳು ಚಪ್ಪಟೆಯಾಗುತ್ತವೆ. ಟ್ರಾನ್ಸಿಸ್ಟರು ಸಾಮಾನ್ಯವಾಗಿ ಕತ್ತಿಯಿಂದ ಕಡಿದಂತೆ ಶೃಂಗವನ್ನು ಕತ್ತರಿಸುತ್ತದೆ. ಹಳೆಯ ಗಾಜಿನ ವಾಲ್ವು ಹೊಳೆಯ ಕಲ್ಲಿನಂತೆ ಮೆಲ್ಲಗೆ ದುಂಡಗಾಗಿಸುತ್ತದೆ. ಹೀಗೆ ಆಕಾರ ಕೆಟ್ಟ ಅಲೆಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಸ್ವರಗಳೂ ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ ಜೀವದ ದಾರವನ್ನಿಟ್ಟಾಗ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುವುದಿಲ್ಲವೇ? ದಾರಿ ಬೇರೆಯಾದರೂ ಸಂಗತಿ ಅಂಥದೇ. ಎಂಜಿನಿಯರನ ಕಣ್ಣಿಗೆ ಅದು ದೋಷ; ಸಂಗೀತಗಾರನ ಕಿವಿಗೆ ಅದು ಧ್ವನಿಯ ಜೀವ.

ಈ ದೋಷಕ್ಕೆ ಒಂದು ವಂಶಾವಳಿಯಿದೆ. ಅದರ ಬುಡದಲ್ಲಿರುವವನು ಒಬ್ಬ ರೇಡಿಯೋ ರಿಪೇರಿಗಾರ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ 1938ರಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದ. ನಮ್ಮ ಹಿರಿಯೂರು, ಹೊಳಲ್ಕೆರೆಯ ಪೇಟೆಬೀದಿಗಳಲ್ಲಿ ಒಂದು ಕಾಲಕ್ಕೆ ಬೆಸುಗೆಯ ವಾಸನೆ ಬರುತ್ತಿದ್ದ ಅಂಗಡಿಗಳಿದ್ದವಲ್ಲ, ಅಂಥದೇ ಒಂದೆಂದು ಊಹಿಸಿಕೊಳ್ಳಿ. ಆತ ಮುಂದೆ ಗಿಟಾರುಗಳಿಗಾಗಿಯೇ ಆಂಪ್ಲಿಫೈಯರ್ ತಯಾರಿಸತೊಡಗಿದ. 1952ರಲ್ಲಿ ಬ್ಯಾಸ್ ಗಿಟಾರಿಗಾಗಿ ‘ಬ್ಯಾಸ್‌ಮನ್’ ಬಂತು. ಟ್ವೀಡ್ ಬಟ್ಟೆಯ ಹೊದಿಕೆಯ, ಹತ್ತು ಅಂಗುಲದ ನಾಲ್ಕು ಸ್ಪೀಕರುಗಳ ಅದರ 1959ರ ಮಾದರಿಯೇ ಮೊಮ್ಮಗನ ಪೆಟ್ಟಿಗೆಯಲ್ಲಿರುವ ’59. ಬ್ಯಾಸ್‌ಗೆಂದು ಮಾಡಿದ ಅದನ್ನು ಸಾಮಾನ್ಯ ಗಿಟಾರಿನವರೇ ಹೆಚ್ಚು ಮೆಚ್ಚಿಕೊಂಡರು. 1963ರಿಂದ ಬಂದ ಕಪ್ಪು ಮುಖದ ‘ಟ್ವಿನ್ ರಿವರ್ಬ್’, ‘ಡಿಲಕ್ಸ್ ರಿವರ್ಬ್’ಗಳು ಇನ್ನೊಂದು ಕವಲು. ಅವುಗಳಲ್ಲಿ ಲೋಹದ ಸ್ಪ್ರಿಂಗುಗಳ ಮೂಲಕ ಧ್ವನಿಯನ್ನು ಹಾಯಿಸಿ, ನಮ್ಮ ಚಂದ್ರವಳ್ಳಿಯ ಗುಹೆಯಲ್ಲಿ ಕೂಗಿದರೆ ಬರುವಂಥ ಅನುರಣನವನ್ನು ಪೆಟ್ಟಿಗೆಯೊಳಗೇ ಹುಟ್ಟಿಸಿದರು. ಪರದೆಯ ಮೇಲೆ ‘ಟ್ವೀಡ್’ ಎಂದಿದ್ದರೆ 1950ರ ದಶಕದ ಫೆಂಡರ್. ‘ಬ್ಲ್ಯಾಕ್’ ಅಥವಾ ’65 ಎಂದಿದ್ದರೆ ಬಹುಮಟ್ಟಿಗೆ ಈ ಸ್ವಚ್ಛ ಧ್ವನಿಯ ಫೆಂಡರ್ ಎಂದು ತಿಳಿಯಬೇಕು.

ಇನ್ನು ‘ಬ್ರಿಟಿಷ್’ ಎಂಬ ಒಗಟು. ಇಂಗ್ಲೆಂಡಿನಲ್ಲಿ ಎರಡು ಮನೆತನಗಳಿವೆ. ಮೊದಲನೆಯದು ಕೆಂಟ್ ಪ್ರಾಂತದ ಡಾರ್ಟ್‌ಫರ್ಡಿನಲ್ಲಿ ಟಾಮ್ ಜೆನ್ನಿಂಗ್ಸ್ ಎಂಬಾತನ ಸಂಸ್ಥೆಗಾಗಿ ಡಿಕ್ ಡೆನ್ನಿ ರೂಪಿಸಿದ ‘ವಾಕ್ಸ್’. 1958ರಲ್ಲಿ ಹದಿನೈದು ವಾಟಿನ ಎಸಿ15, ಅದರ ಬೆನ್ನಲ್ಲೇ ಮೂವತ್ತು ವಾಟಿನ ಎಸಿ30. ಬೀಟಲ್ಸ್ ತಂಡದವರು ತಮ್ಮ ಆರಂಭದ ವರ್ಷಗಳಲ್ಲಿ ನುಡಿಸಿದ್ದು ಇದರ ಮೂಲಕ. ಪೆಟ್ಟಿಗೆಯ ‘ಬ್ರಿಟಿಷ್ ’60’ ಇದೇ.

ಎಸಿ30ರೊಳಗೆ ದುಡಿಯುವ ನಾಲ್ಕು ವಾಲ್ವುಗಳ ಹೆಸರು ಇಎಲ್84. ಇದನ್ನು ಓದಿದಾಗ ನಾನು ನೆಟ್ಟಗೆ ಕುಳಿತೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಅಲ್ಲಿಂದ ಹೊರಬಂದವುಗಳಲ್ಲಿ ಇಎಲ್84 ಕೂಡ ಒಂದು. ಬೀಟಲ್ಸರ ಪೆಟ್ಟಿಗೆಯಲ್ಲಿ ಬೆಳಗಿದ ದೀಪದ ಸೋದರರು ನಮ್ಮ ನಾಡಿನಲ್ಲೂ ತಯಾರಾಗುತ್ತಿದ್ದರು. ರೇಡಿಯೋ ಹಾಕಿ, ವಾಲ್ವು ಕಾಯುವವರೆಗೆ ಸಹನೆಯಿಂದ ಕಾದು, ಧಾರವಾಡ ಕೇಂದ್ರವನ್ನು ಕೇಳಿದ ನಮ್ಮ ಪೀಳಿಗೆಗೆ ಆ ಕೆಂಪು ಮಿಣುಕು ಪರಿಚಿತವೇ.

ಎರಡನೆಯ ಮನೆತನ ಮಾರ್ಷಲ್. ಜಿಮ್ ಮಾರ್ಷಲ್ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಕಲಿಸುತ್ತ ವಾದ್ಯಗಳ ಅಂಗಡಿ ಇಟ್ಟುಕೊಂಡಿದ್ದವನು. ಅಮೆರಿಕದ ಫೆಂಡರ್ ಅಲ್ಲಿ ಬಹಳ ದುಬಾರಿ. ಹೀಗಾಗಿ 1962ರಲ್ಲಿ ಆತ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬಿಬ್ಬರ ನೆರವಿನಿಂದ ತನ್ನದೇ ಒಂದನ್ನು ತಯಾರಿಸಿದ. ಅದಕ್ಕೆ ಜೆಟಿಎಂ45 ಎಂದು ಹೆಸರು. ಮತ್ತು, ಪ್ರಿಯ ಓದುಗರೇ, ಅದರ ವಿದ್ಯುನ್ಮಂಡಲ ಹೆಚ್ಚುಕಡಿಮೆ ಆ ’59ರ ಬ್ಯಾಸ್‌ಮನ್‌ನ ನಕಲು! ಆದರೆ ಬೇರೆ ವಾಲ್ವುಗಳು, ಇಂಗ್ಲೆಂಡಿನಲ್ಲೇ ತಯಾರಾದ ಟ್ರಾನ್ಸ್‌ಫಾರ್ಮರು, ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೆಲೆಶ್ಚನ್ ಸ್ಪೀಕರುಗಳು, ಇವೆಲ್ಲ ಸೇರಿ ಧ್ವನಿ ಬೇರೆಯೇ ಆಯಿತು. ಬೇರೆ ಊರಿನ ನೀರಿನಲ್ಲಿ ಅದೇ ಬೇಳೆ ಬೇಯಿಸಿದರೆ ಸಾರಿನ ರುಚಿ ಬದಲಾಗುವಂತೆ. 1965ರಲ್ಲಿ ನೂರು ವಾಟಿನ ‘ಸೂಪರ್ ಲೀಡ್’ ಬಂತು. ಅದರ ಮಾದರಿ ಸಂಖ್ಯೆ 1959, ಇಸವಿಯೆಂದು ಮೋಸಹೋಗಬೇಡಿ. ಮುಂಭಾಗದ ಪ್ಲಾಸ್ಟಿಕ್ ಫಲಕದಿಂದಾಗಿ ಆ ಕಾಲದ ಮಾರ್ಷಲ್‌ಗಳಿಗೆ ‘ಪ್ಲೆಕ್ಸಿ’ ಎಂಬ ಅಡ್ಡಹೆಸರು ಬಿತ್ತು. 1981ರಲ್ಲಿ ಬಂದ ಜೆಸಿಎಂ800 ಎಂಬುದೇ ಪೆಟ್ಟಿಗೆಯ ‘ಬ್ರಿಟಿಷ್ ’80’.

ನಕಲು ಅಲ್ಲಿಗೇ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ಪುಟ್ಟ ಫೆಂಡರ್‌ಗಳನ್ನು ಬಿಚ್ಚಿ ಬಲಪಡಿಸುತ್ತ ‘ಮೆಸಾ ಬೂಗಿ’ ಕಟ್ಟಿದ. ಅದೇ ಸಂಸ್ಥೆಯ ‘ಡ್ಯುಯಲ್ ರೆಕ್ಟಿಫೈಯರ್’ 1990ರ ದಶಕದ ಗುಡುಗಿನ ಧ್ವನಿ. ‘ಅಮೆರಿಕನ್ ’90’ ಎಂದರೆ ಅದು. ಜಪಾನಿನ ರೋಲೆಂಡ್ ಸಂಸ್ಥೆಯ 1975ರ ‘ಜಾಝ್ ಕೋರಸ್ 120’ ಮಾತ್ರ ಈ ವಂಶಕ್ಕೆ ಸೇರದ ಅತಿಥಿ. ಅದು ಟ್ರಾನ್ಸಿಸ್ಟರಿನದು, ಒಡೆಯದ ಸ್ವಚ್ಛ ಧ್ವನಿಗಾಗಿಯೇ ಪ್ರಸಿದ್ಧ.

ಹೆಸರುಗಳನ್ನು ನೇರವಾಗಿ ಬರೆಯಬಾರದೇ ಎಂದು ನೀವು ಕೇಳಬಹುದು. ಅವು ಒಂದೊಂದು ಸಂಸ್ಥೆಯ ಸ್ವತ್ತು. ಈ ಪೆಟ್ಟಿಗೆ ಫೆಂಡರ್ ಸಂಸ್ಥೆಯದೇ ಆದ್ದರಿಂದ ತನ್ನ ಮನೆಯವರನ್ನು ಹೆಸರು ಹಿಡಿದು ಕರೆಯುತ್ತದೆ, ನೆರೆಯವರನ್ನು ದೇಶ-ಕಾಲಗಳಿಂದ ಸೂಚಿಸುತ್ತದೆ. ಹಿಂದಿನ ಕಾಲದ ಗೃಹಿಣಿ ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಎಂದಂತೆ! ‘ಲೈನ್ 6’ ಎಂಬ ಇನ್ನೊಂದು ಸಂಸ್ಥೆ ವಾಕ್ಸನ್ನು ‘ಎಸೆಕ್ಸ್ ಎ30’, ರೆಕ್ಟಿಫೈಯರನ್ನು ‘ಕ್ಯಾಲಿ ರೆಕ್ಟಿಫೈರ್’, ಜಾಝ್ ಕೋರಸನ್ನು ‘ಜಾಝ್ ರಿವೆಟ್ 120’ ಎಂದು ಕರೆದಿದೆ. ಊರು, ಇಸವಿ, ಅಂಕಿ ಈ ಮೂರನ್ನು ಹಿಡಿದರೆ ಒಗಟು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಅನುಕರಣೆಯ ಯಂತ್ರಗಳಿಗೂ ಇತಿಹಾಸವಿದೆ. 1982ರಲ್ಲಿ ಟಾಮ್ ಶೋಲ್ಜ್ ಎಂಬ ಎಂಜಿನಿಯರ್-ಗಿಟಾರ್‌ವಾದಕ ಹೆಡ್‌ಫೋನಿನಲ್ಲಿ ಕೇಳುವ ‘ರಾಕ್‌ಮನ್’ ತಂದ. 1989ರಲ್ಲಿ ‘ಸ್ಯಾನ್ಸ್‌ಆಂಪ್’ ಬಂತು. 1996ರಲ್ಲಿ ಲೈನ್ 6 ಗಣಕದ ಲೆಕ್ಕಾಚಾರದಿಂದಲೇ ಹಳೆಯ ಧ್ವನಿಗಳನ್ನು ಹುಟ್ಟಿಸುವ ಆಂಪ್ಲಿಫೈಯರನ್ನೂ, 1998ರಲ್ಲಿ ‘ಪಾಡ್’ ಎಂಬ ಪುಟ್ಟ ಕೆಂಪು ಯಂತ್ರವನ್ನೂ ಹೊರತಂದಿತು. ಇವುಗಳೊಳಗೆ ಹಳೆಯ ಧ್ವನಿಯ ಮುದ್ರಣವೇನೂ ಇಲ್ಲ. ವಾಲ್ವು ಹೇಗೆ ಬಾಗುತ್ತದೆ, ಸ್ವರ ತಿದ್ದುವ ಗುಂಡಿಗಳು ಏನು ಮಾಡುತ್ತವೆ, ಸ್ಪೀಕರು ಯಾವ ಆವೃತ್ತಿಯನ್ನು ನುಂಗುತ್ತದೆ, ಇವನ್ನೆಲ್ಲ ಸೂತ್ರಗಳಾಗಿಸಿ ಸೆಕೆಂಡಿಗೆ ಸಾವಿರಾರು ಬಾರಿ ಲೆಕ್ಕ ಹಾಕುತ್ತವೆ. ನಮ್ಮ ಬೆಂಗಳೂರಿನ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿದ್ದೂ ಇಂಥದೇ ಹಂಬಲದಿಂದ: ಹೊರಲಾಗದ ಹಿರಿಯ ವಾದ್ಯದ ಉಸಿರನ್ನು ಚೀಲದಲ್ಲಿ ಒಯ್ಯುವಂತಾಗಲಿ ಎಂದು.

ಇಷ್ಟನ್ನೂ ತಿಳಿದ ಮೇಲೆ ನನಗೆ ಉಳಿದ ಆಶ್ಚರ್ಯ ಒಂದೇ. ಈ ಯಂತ್ರಗಳು ಇಷ್ಟೊಂದು ಗಣಿತ ಮಾಡಿ ಅನುಕರಿಸುತ್ತಿರುವುದು ಹಳೆಯ ಯಂತ್ರಗಳ ಗುಣವನ್ನಲ್ಲ, ಅವುಗಳ ದಣಿವನ್ನು. ಲಿಯೋ ಫೆಂಡರ್ ಕೊನೆಯವರೆಗೂ ಹುಡುಕಿದ್ದು ಸ್ವಚ್ಛ ಧ್ವನಿಯನ್ನು. ಆ ದೋಷದಲ್ಲಿ ಸೌಂದರ್ಯವಿದೆಯೆಂದು ಕಂಡುಕೊಂಡವರು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ ಹುಡುಗರು.

ಈಗ ಆ ಹಳೆಯ ಸಂಗತಿ. 1979ರ ಶಾಲಾ ವಾರ್ಷಿಕೋತ್ಸವ. ಹತ್ತನೆಯ ತರಗತಿಯ ಒಬ್ಬ ಹುಡುಗ ತನ್ನ ಸೋದರಮಾವನ ಎಲೆಕ್ಟ್ರಿಕ್ ಗಿಟಾರನ್ನು ತಂದಿದ್ದ. ಬಾಡಿಗೆಗೆ ತಂದ ಮೈಕ್‌ಸೆಟ್ಟಿನ ವಾಲ್ವ್ ಆಂಪ್ಲಿಫೈಯರಿಗೆ ಅದನ್ನು ಜೋಡಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿ ನುಡಿಸಿದ. ತೆಂಗಿನ ಮರಕ್ಕೆ ಕಟ್ಟಿದ್ದ ಹಾರ್ನಿನಿಂದ ಬಟ್ಟೆ ಹರಿದಂಥ ಧ್ವನಿ ಬಂತು. ನಾನು ವೇದಿಕೆ ಹತ್ತಿ ತಂತಿಯನ್ನು ಕಿತ್ತು, ಊರವರೆಲ್ಲರ ಎದುರಿಗೆ, “ಸೆಟ್ಟು ಸುಡೋಕೆ ಬಂದಿದ್ದೀಯೇನೋ? ಇದು ಸಂಗೀತವಲ್ಲ, ಯಂತ್ರದ ದೋಷ” ಎಂದು ಗದರಿದೆ. ಅವನು ತಗ್ಗಿದ ಸ್ವರದಲ್ಲಿ, “ಇಲ್ಲ ಸಾರ್, ಬೇಕಂತಲೇ ಹಾಗೆ ಬರಿಸಿದ್ದು” ಎಂದ. ಅದನ್ನು ಉದ್ಧಟತನವೆಂದು ತಿಳಿದೆ. ಆ ಗಿಟಾರು ಮತ್ತೆ ನಮ್ಮ ಶಾಲೆಗೆ ಬರಲಿಲ್ಲ.

ದೋಷ ಎಂದ ನನ್ನ ಭೌತಶಾಸ್ತ್ರ ಸರಿಯೇ ಇತ್ತು. ಸಂಗೀತವಲ್ಲ ಎಂದದ್ದು ತಪ್ಪು. ಬೇಕಂತಲೇ ಎಂಬ ಅವನ ಆ ಒಂದು ಮಾತಿನಲ್ಲಿ ಈ ಇಡೀ ವಂಶಾವಳಿ ಅಡಗಿತ್ತು. ಹೊಸದುರ್ಗದ ಹದಿನಾರರ ಹುಡುಗ ಯಾರೂ ಹೇಳಿಕೊಡದೆ ಅದನ್ನು ಕಂಡುಕೊಂಡಿದ್ದ; ಮೇಷ್ಟರು ಕಂಡುಕೊಳ್ಳಲು ಮೊಮ್ಮಗ ಬರಬೇಕಾಯಿತು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ತಾನೇ ಎಂದು ಅವನಿಗೆ ತಿಳಿಯುತ್ತದೆ. ಅಪ್ಪಾ, ಅಂದು ತಂತಿ ಕಿತ್ತದ್ದಕ್ಕೆ ಈ ಮುದುಕನನ್ನು ಕ್ಷಮಿಸು. ದುರ್ಗದ ಕಡೆ ಬಂದರೆ ಮನೆಗೆ ಬಾ. ಮೊಮ್ಮಗ ಆ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ.